ಹಡಗು ದಡಕ್ಕೆ ಬರುತ್ತಾ?

ಶಿಕಾರಿಪುರದ ಹನುಮಮ್ಮ ಸಿಟ್ಟಾದರೆ ಅವಳ ಹಟ್ಟಿಯ ಟಗರುಗಳೂ ದಾರಿ ಬಿಡುತ್ತಿದ್ದವು. ಐವತ್ತೆಂಟನೇ ಇಸವಿಯಲ್ಲಂತೂ ಅವಳ ಸಿಟ್ಟಿಗೆ ನ್ಯಾಯವಾದ ಕಾರಣವೇ ಇತ್ತು. ಕುರಿಗೆ ಸೊಪ್ಪು ಕಡಿಯಲು ಮರ ಹತ್ತಿದ ಗಂಡ ಸಣ್ಣಬೀರಪ್ಪ ಬಿದ್ದು ಸೊಂಟ ಮುರಿದುಕೊಂಡಿದ್ದ. ಬೊಂಬಾಯಿಯ ಗಿರಣಿಯಲ್ಲಿದ್ದ ಅವಳ ತಮ್ಮ ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಹೇಳಿಟ್ಟಿದ್ದ. ರೈಲಿನ ನೂಕುನುಗ್ಗಲು ಬೇಡ, ಘಟ್ಟ ಇಳಿದು ಹಡಗು ಹತ್ತಿದರೆ ಹಾಸಿ ಮಲಗಿಸಿಕೊಂಡು ಹೋಗಬಹುದು ಎಂದು ಊರವರೆಲ್ಲ ಹೇಳಿದರು. ಆದರೆ ಆ ಹಡಗು ದಡಕ್ಕೆ ಬಂದು ತಾಗುತ್ತದೋ, ನಡುನೀರಲ್ಲೇ ನಿಂತು ಜನರನ್ನು ದೋಣಿಯಲ್ಲಿ ಕರೆಸಿಕೊಳ್ಳುತ್ತದೋ? ದೋಣಿಯಾದರೆ ಏಣಿ ಹತ್ತಬೇಕು. ಸಣ್ಣಬೀರಪ್ಪ ಹೊಸ್ತಿಲನ್ನೇ ದಾಟಲಾರ.

ಅದನ್ನು ತಿಳಿಯಲೆಂದೇ ಅವಳು ಬಸ್ಸು ಹಿಡಿದು ಸೊರಬಕ್ಕೆ ಹೋದಳು. ಹಡಗಿನ ಟಿಕೀಟು ಮಾಡಿಸಿಕೊಡುವ ಜಯಪ್ಪ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕೂರುತ್ತಿದ್ದ.

"ಬರೋ ಸೋಮವಾರ ಹೊರಟೀವಿ ಕಣ್ರೀ. ಹಡಗು ದಡಕ್ಕೆ ಬರ್ತೈತಾ?"

"ಬರ್ತೈತೆ, ಬರ್ತೈತೆ."

"ದೋಣಿ ಹತ್ತಬೇಕು ಅಂತಾರಲ್ಲ?"

"ದೋಣೀನೂ ಬರ್ತೈತಮ್ಮ. ಸುಖವಾಗಿ ಹೋಗಿ ಬರ್ರಿ."

ಇಂಥ ಉತ್ತರ ಕಟ್ಟಿಕೊಂಡು ಏನು ಮಾಡುವುದು? ಹನುಮಮ್ಮನ ಮೈಯೆಲ್ಲ ಉರಿಯಿತು. ಬೊಂಬಾಯಿಯಲ್ಲಿ ದುಡಿದು ಅದೇ ಹಡಗಿನಲ್ಲಿ ಊರಿಗೆ ಮರಳಿದ್ದ ಸೊರಬದ ಮಾಸ್ತಪ್ಪನೆಂಬವನ ಮನೆ ಹುಡುಕಿಕೊಂಡು ಹೋದಳು. ಅಲ್ಲೂ ಸೋಮವಾರ ಹೊರಡುವ ಸುದ್ದಿಯನ್ನೇ ಮೊದಲು ಹೇಳಿದಳು. ಅವನು ಹೆಂಡತಿಯ ಮುಖ ನೋಡಿ, "ಎಲ್ಲಾ ಸಲೀಸಾಗ್ತದೆ ಬಿಡಿ" ಎಂದ. ಹೆಂಡತಿ ಒಳಗಿನಿಂದ ಕುಂಕುಮದ ಬಟ್ಟಲು ತಂದಳು.

ಕುಂಕುಮ ಇಟ್ಟುಕೊಂಡು ಬೀದಿಯ ತಿರುವಿನವರೆಗೆ ಬಂದ ಮೇಲೆ ಹನುಮಮ್ಮನಿಗೆ ಹೊಳೆಯಿತು. ಹೊರಟವರ ಮುಂದೆ ಇಲ್ಲ, ಆಗಲ್ಲ ಎನ್ನಬಾರದು. ಅದು ಅವಳಿಗೂ ಗೊತ್ತಿದ್ದ ರೀತಿಯೇ. ಬಾಯಿಬಿಟ್ಟು ಹೊರಡುವ ದಿನ ಹೇಳಿ, ನಿಜ ಹೇಳುವ ಬಾಯಿಗಳನ್ನೆಲ್ಲ ತಾನೇ ಮುಚ್ಚಿಸಿದ್ದಳು. ದಡದಡನೆ ಹಿಂದಿರುಗಿ ಮಾಸ್ತಪ್ಪನ ಅಂಗಳದಲ್ಲಿ ನಿಂತಳು.

"ನಾವು ಹೋಗಲ್ಲ. ಪ್ರಯಾಣ ಇಲ್ಲೇ ನಿಲ್ಲಿಸ್ದೆ. ಈಗ ಹೇಳ್ರೀ!"

ಮಾಸ್ತಪ್ಪ ಉಸ್ಸೆಂದ. "ಒಳ್ಳೇದಾತು ಮಾರಾಯ್ತಿ. ಅದೆಲ್ಲಿ ದಡಕ್ಕೆ ಬತ್ತದೆ? ಕೂಗಿದ್ರೂ ಕೇಳದಷ್ಟು ದೂರ ನಿಲ್ತದೆ. ಅಲೆ ದೋಣೀನ ಎತ್ತಿದಾಗ ಏಣಿ ಹಿಡೀಬೇಕು. ನಾನೇ ಒಂದ್ಸಲ ನೀರಿಗೆ ಬಿದ್ದಿದ್ದೆ."

"ಮತ್ತೆ ಆಗಲೇ ಯಾಕೆ ಬೊಗಳಲಿಲ್ಲ?"

"ಹೊರಟೋರಿಗೆ ಅಡ್ಡಮಾತು ಆಡಬಾರದಲ್ರೀ..."

"ನಿಮ್ಮ ಶಕುನಕ್ಕಿಷ್ಟು ಬೆಂಕಿ ಹಾಕ! ನನ್ನ ಗಂಡ ಸಮುದ್ರದಾಗೆ ಸಾಯ್ಲಿ, ನೀವು ಮಾತ್ರ ಒಳ್ಳೇರಾಗಿರ್ರಿ!"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಬೈಯುತ್ತಲೇ ಬಂದಳು. ಪಕ್ಕ ಕೂತವರು ತಮಗೇ ಬೈಯುತ್ತಿದ್ದಾಳೆಂದು ಎದ್ದು ಹೋದರು.

ಮನೆಯಲ್ಲಿ ಸಣ್ಣಬೀರಪ್ಪ ಗೋಡೆಗೊರಗಿ ಕಾಯುತ್ತಿದ್ದ. ಹೊಲಿಸಿಟ್ಟ ಹೊಸ ಅಂಗಿ ಮಡಿಲಲ್ಲಿತ್ತು. ನೆರೆಮನೆಯ ತಾಯಮ್ಮ ನೀರು ಕೊಡಲು ಬಂದಿದ್ದಳು.

"ಹಡಗು ದಡಕ್ಕೆ ಬರಲ್ಲ" ಎಂದಳು ಹನುಮಮ್ಮ.

"ಅಯ್ಯಯ್ಯೋ, ಹೊರಟೋರ ಮುಂದೆ ಇದೆಂಥ ಮಾತೇ!" ಎಂದು ತಾಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಸಣ್ಣಬೀರಪ್ಪ ನಕ್ಕ. "ಬರದಿದ್ರೆ ಬಿಡು. ರೈಲಿಗೆ ಹೋಗಣ. ನಾನು ಹತ್ತುತೀನಿ."

"ಹತ್ತುತೀಯಾ?" ಹನುಮಮ್ಮ ಅವನ ಮುಂದೆ ಕುಕ್ಕರಿಸಿದಳು. "ಸುಳ್ಳು ಕೇಳಿ ಕೇಳಿ ನನ್ನ ತಲೆ ಕೆಟ್ಟೈತೆ. ನನ್ನ ಕಣ್ಣು ನೋಡಿ ಹೇಳು!"

ಅವನು ಮಡಿಲಲ್ಲಿದ್ದ ಹೊಸ ಅಂಗಿಯನ್ನು ಪಕ್ಕಕ್ಕಿಟ್ಟ. "ಆಗಲ್ಲ ಕಣೇ" ಎಂದ. "ಎಡಗಾಲು ಐತೋ ಇಲ್ವೋ ಅನ್ನೋದೇ ಗೊತ್ತಾಗಲ್ಲ. ಬಿದ್ದ ದಿನದಿಂದ ಹಂಗೇ ಐತೆ. ನೀನು ಹೆದರ್ತೀಯ ಅಂತ ಹೇಳಲಿಲ್ಲ."

ಹನುಮಮ್ಮನಿಗೆ ಅಳು ಉಕ್ಕಿತು. ಅದೇ ಸಿಟ್ಟಿನಲ್ಲಿ ಅವನ ತೋಳಿಗೊಂದು ಗುದ್ದಿದಳು.

"ಇದನ್ನ ಮೊದಲೇ ಹೇಳಬಾರದಿತ್ತಾ, ಮೂಳ? ನಾನೇ ರೈಲಿಗೆ ಹೊತ್ತುಕೊಂಡು ಹೋಗ್ತಿದ್ದೆನಲ್ಲ!"