ಹನುಮಂತಯ್ಯನವರ ಪೈಪಿಗೊಬ್ಬ ವಾರಸುದಾರ

ಗೋವಿಂದರಾಜನಗರದ ಒಂದು ಪಾರ್ಕಿನ ಗೇಟಿನ ಹೊರಗೆ ಸಿಮೆಂಟಿನ ಬೆಂಚಿದೆ. ಒಳಗೆ ಧೂಮಪಾನ ಮಾಡಬಾರದೆಂದು ಫಲಕ ಹಾಕಿರುವುದರಿಂದ ಹನುಮಂತಯ್ಯನವರು ದಿನಾ ಸಂಜೆ ಐದಕ್ಕೆ ಆ ಫಲಕಕ್ಕೆ ಬೆನ್ನು ತಿರುಗಿಸಿ ಈ ಬೆಂಚಿನ ಮೇಲೆ ಕೂರುತ್ತಿದ್ದರು. ಕೂತು ಪೈಪು ಸೇದುತ್ತಿದ್ದರು. ಬೀಡಿಯಲ್ಲ, ಸಿಗರೇಟಲ್ಲ, ಪೈಪು. ಉಟ್ಟಿದ್ದು ಪಂಚೆ, ತೊಟ್ಟಿದ್ದು ತೋಳಿನ ಬನಿಯನ್ನು, ಹೆಗಲ ಮೇಲೆ ಚೌಕಳಿ ಟವೆಲ್ಲು, ಬಾಯಲ್ಲಿ ಮಾತ್ರ ಬಿಳಿ ದೊರೆಗಳ ಪೈಪು. ಬಡಾವಣೆಗೆ ಹೊಸದಾಗಿ ಬಾಡಿಗೆಗೆ ಬಂದವರು ಯಾವುದೋ ಶೂಟಿಂಗ್ ನಡೆಯುತ್ತಿದೆಯೆಂದು ತಿಳಿದು ಕ್ಯಾಮೆರಾ ಎಲ್ಲಿದೆ ಅಂತ ಸುತ್ತಮುತ್ತ ಹುಡುಕಿದ್ದೂ ಉಂಟು.

ಹನುಮಂತಯ್ಯನವರು ದೊರೆಯೂ ಅಲ್ಲ, ದೊರೆಯ ಮಗನೂ ಅಲ್ಲ. ರಾಜಾಜಿನಗರದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಆ ಟೂಲ್‌ರೂಮಿಗೆ ಚನ್ನಮಲ್ಲಪ್ಪ ಎಂಬ ಫೋರ್‌ಮನ್ ಇದ್ದರು. ಅವರು ಪೈಪು ಕಚ್ಚಿಕೊಂಡೇ ಬಯ್ಯುತ್ತಿದ್ದುದರಿಂದ ಏನು ಬಯ್ದರೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಎಲ್ಲರೂ ಎಲ್ಲದಕ್ಕೂ ಹೆದರುತ್ತಿದ್ದರು. ಅವರು ನಿವೃತ್ತರಾದ ವರ್ಷ, ಆಯುಧಪೂಜೆಯ ದಿನ, ಲೇತ್ ಮಷಿನ್ನಿಗೆ ಮಂಗಳಾರತಿ ಆದಮೇಲೆ ಪೈಪನ್ನು ಹನುಮಂತಯ್ಯನವರ ಕೈಗಿಟ್ಟು, "ಇನ್ಮೇಲೆ ಇದು ನಿಂದು. ಒಳಗಿನ ಕರಿ ಮಾತ್ರ ಕೆರೀಬೇಡ ಕಣೋ, ರುಚಿಯೆಲ್ಲ ಅದರಲ್ಲೇ ಇರೋದು" ಎಂದಿದ್ದರು. ಪೈಪಿಲ್ಲದ ಬಾಯಿಂದ ಅವರು ಆಡಿದ್ದನ್ನು ಹನುಮಂತಯ್ಯನವರು ಕೇಳಿದ್ದು ಅದೊಂದೇ ಸಲ. ಹಾಗಾಗಿ ಅದು ವೇದವಾಕ್ಯವಾಗಿ ಉಳಿಯಿತು. ಪೈಪಿನ ಬಟ್ಟಲಿನೊಳಗೆ ಎಂಟಾಣೆ ನಾಣ್ಯದಷ್ಟು ದಪ್ಪ ಕೂತಿದ್ದ ಆ ಕರಿಯಲ್ಲಿ ಚನ್ನಮಲ್ಲಪ್ಪನವರ ಇಪ್ಪತ್ತು ವರ್ಷವೂ ಹನುಮಂತಯ್ಯನವರ ನಲವತ್ತು ವರ್ಷವೂ ಒಂದರ ಮೇಲೊಂದು ಇದ್ದವು.

ಹೆಂಡತಿ ಚಿಕ್ಕಲಕ್ಷ್ಮಮ್ಮನವರಿಗೆ ಈ ಇತಿಹಾಸದಲ್ಲಿ ಒಂದಿಷ್ಟೂ ಆಸಕ್ತಿ ಇರಲಿಲ್ಲ. ಪೈಪು ಮನೆಗೆ ಬಂದ ದಿನವೇ ಆ ತಾಯಿ ಮೂಗಿಗೆ ಸೆರಗು ಹಿಡಿದು, "ಹೊಗೆ ಇರೋ ಕಡೆ ನಾನಿರಲ್ಲ" ಎಂದು ತೀರ್ಪು ಕೊಟ್ಟಾಗಿತ್ತು. ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ. ಪೈಪು ಸ್ಕೂಟರಿನ ಡಿಕ್ಕಿಯಲ್ಲಿ ಮಲಗುತ್ತಿತ್ತು.

ಹೋದ ವರ್ಷ ಆಷಾಢದಲ್ಲಿ ಕೆಮ್ಮು ಜಾಸ್ತಿಯಾಗಿ ಮಗ ಭೈರೇಶ್ ಅಪ್ಪನನ್ನು ವಿಜಯನಗರದ ಡಾಕ್ಟರ್ ದಿವ್ಯ ಅವರ ಹತ್ತಿರ ಕರೆದುಕೊಂಡು ಹೋದ. ಮೊಮ್ಮಗಳ ವಯಸ್ಸಿನ ಆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ತಾತಾ, ಬಿಡಬೇಕು. ಇವತ್ತೇ" ಎಂದರು. ಹನುಮಂತಯ್ಯನವರು ತರಕಾರಿ ಅಂಗಡಿಯಲ್ಲಿ ನಿಂತವರಂತೆ ಚೌಕಾಸಿಗಿಳಿದರು. ಆಯುಧಪೂಜೆವರೆಗೆ, ದಿನಕ್ಕೆ ಒಂದೇ ಸಲ ಎಂದು ಕೊನೆಗೆ ಗಲಾಟೆ ಮಾಡಿ ಒಪ್ಪಿಸಿದರು. ಆ ಗಡುವು ಅವರು ಸುಮ್ಮನೆ ಕೇಳಿದ್ದಲ್ಲ. ಚನ್ನಮಲ್ಲಪ್ಪನವರು ಆ ದಿನ ಕೊಟ್ಟಿದ್ದನ್ನು ಅದೇ ದಿನ ಇನ್ನೊಬ್ಬ ಎಳೆಯ ಕೈಗೆ ಒಪ್ಪಿಸಬೇಕು, ಪೈಪು ತನ್ನ ಕಾಲಕ್ಕೇ ನಿಂತುಹೋಗಬಾರದು ಎಂಬುದು ಅವರ ಹಟ. ಸಾಯುವುದಕ್ಕೆ ಅವರಿಗೆ ಭಯವಿರಲಿಲ್ಲ. ಪೈಪು ಗುಜರಿಗೆ ಹೋಗುತ್ತದಲ್ಲ ಎಂಬುದು ನೆನಪಾದರೆ ಮಾತ್ರ ರಾತ್ರಿ ಎದ್ದು ಹೋಗಿ ಸ್ಕೂಟರಿನ ಡಿಕ್ಕಿ ತೆಗೆದು ನೋಡಿ ಬರುತ್ತಿದ್ದರು.

ಮೂರು ತಿಂಗಳು ಕೈಯಲ್ಲಿತ್ತು. ಹನುಮಂತಯ್ಯನವರು ಹೆಣ್ಣು ಹೆತ್ತವರು ವರ ಹುಡುಕುವ ಹಾಗೆ ವಾರಸುದಾರನನ್ನು ಹುಡುಕಲು ಹೊರಟರು. ಭೈರೇಶನನ್ನು ಕೇಳುವ ಹಾಗೇ ಇರಲಿಲ್ಲ, ಅವನಿಗೆ ಊದುಬತ್ತಿ ಹಚ್ಚಿದರೂ ಸೀನು. ಆದ್ದರಿಂದ ಬೆಂಚಿನ ಎದುರಿನ ಟೀ ಅಂಗಡಿಯ ಹುಡುಗರಿಂದ ಶುರು ಮಾಡಿದರು. ಆನಂದ್ ಎಂಬುವನು ಮಾವಿನಹಣ್ಣಿನ ವಾಸನೆಯ ಹೊಗೆ ಬಿಡುವ ಪ್ಲಾಸ್ಟಿಕ್ ಕಡ್ಡಿಯೊಂದನ್ನು ಹೀರುತ್ತಾ ಬಂದು, ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅಂಕಲ್, ಇದಕ್ಕೆ ಚಾರ್ಜರ್ ಎಲ್ಲಿ ಚುಚ್ಚೋದು?"

"ಚಾರ್ಜರ್ ಇಲ್ಲ ಕಣಪ್ಪಾ. ಬೆಂಕಿಕಡ್ಡಿ."

"ಬೆಂಕಿಕಡ್ಡಿನಾ!" ಎಂದು ಆನಂದ್ ಪಾಪದ ಮುಖ ಮಾಡಿದ. ಮನೆಯಲ್ಲಿ ಕರೆಂಟಿಲ್ಲದವರನ್ನು ಕಂಡಷ್ಟು ಕನಿಕರ ಅವನ ಕಣ್ಣಲ್ಲಿತ್ತು.

ಎರಡನೆಯವನು ಮಧುಕುಮಾರ್, ಮನೆಮನೆಗೆ ಊಟದ ಪಾರ್ಸಲ್ ಮುಟ್ಟಿಸುವವನು. ಅವನಿಗೆ ಹನುಮಂತಯ್ಯನವರು ತಂಬಾಕು ತುಂಬುವುದನ್ನೇ ಪಾಠ ಮಾಡಿದರು. ತೀರಾ ಗಟ್ಟಿಯಾಗಿ ಒತ್ತಿದರೆ ಎಳೆಯಲು ಆಗುವುದಿಲ್ಲ, ಸಡಿಲವಾದರೆ ಆರಿಹೋಗುತ್ತದೆ, ಮುದ್ದೆ ತಿರುವುವಾಗ ಕೈಗೆ ಹದ ಗೊತ್ತಾಗುವಂತೆ ಹೆಬ್ಬೆರಳಿಗೆ ಹದ ಗೊತ್ತಾಗಬೇಕು, ಒಂದು ಸಲ ಹಚ್ಚಿದರೆ ನಲವತ್ತು ನಿಮಿಷ.

"ನಲವತ್ತು ನಿಮಿಷನಾ? ಅಷ್ಟೊತ್ತಿಗೆ ನಾನು ಚಂದ್ರಾ ಲೇಔಟಿಗೆ ನಾಲ್ಕು ಬಿರಿಯಾನಿ ಕೊಟ್ಟು ಬಂದಿರ್ತೀನಿ ಅಣ್ಣಾ."

"ಅವಸರ ಮಾಡಬಾರದು. ಅದೇ ಇದರ ಮಜಾ."

"ಅವಸರ ಮಾಡ್ದಿದ್ರೆ ನಂಗೆ ಒಂದೇ ಸ್ಟಾರ್ ಕೊಡ್ತಾರೆ" ಎಂದು ಮಧುಕುಮಾರ್ ಹೆಲ್ಮೆಟ್ ಏರಿಸಿಕೊಂಡು ಹೋದ. ನಂತರದ ಎರಡು ತಿಂಗಳು ಬಂದವರೆಲ್ಲ ಪೈಪನ್ನು ಬಾಯಿಯ ಬಳಿ ಹಿಡಿದು ಫೋಟೊ ತೆಗೆಸಿಕೊಂಡು ವಾಪಸು ಕೊಟ್ಟರು. ಅಷ್ಟು ಜನರ ಫೋನಿನಲ್ಲಿ ಪೈಪು ಇತ್ತು, ಒಬ್ಬನ ಬಾಯಲ್ಲೂ ಇರಲಿಲ್ಲ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಗೌತಮ್ ಸಿಕ್ಕಿದ. ಇಪ್ಪತ್ತಮೂರರ ಹುಡುಗ, ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ ನಡೆಸುವ ಟರ್ನರ್. ಪೈಪು ಕೈಗೆ ಕೊಟ್ಟಾಗ ಅವನು ಫೋಟೊ ತೆಗೆಯಲಿಲ್ಲ. ಬಾಯಿಗಿಡುವ ಕೊಳವೆಯನ್ನು ಕಳಚಿ, ಒಂದು ಕಣ್ಣು ಮುಚ್ಚಿ, ತೂತಿನೊಳಗೆ ಇಣುಕಿದ.

"ಎಂಥಾ ಡ್ರಿಲ್ಲಿಂಗು ಸಾರ್! ಸೆಂಟರ್ ಒಂದ್ ಕೂದಲೆಳೆ ಆಚೆ ಈಚೆ ಹೋಗಿಲ್ಲ."

ಹನುಮಂತಯ್ಯನವರಿಗೆ ಕಣ್ಣು ತುಂಬಿತು. ಅಷ್ಟೇ ಅಲ್ಲ, ಹುಡುಗ ಪೂರ್ತಿ ನಲವತ್ತು ನಿಮಿಷ ಫೋನ್ ಮುಟ್ಟದೆ ಪಕ್ಕದಲ್ಲಿ ಕೂತಿದ್ದ. ಅದರ ಬ್ಯಾಟರಿ ಸತ್ತಿತ್ತು ಎಂಬುದು ನಮಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಒಂದು ವಾರ ಸಂಜೆ ತರಬೇತಿ ನಡೆಯಿತು. ಗೌತಮ್ ಪೈಪು ಹಿಡಿಯುವುದು, ತುಂಬುವುದು, ಬೂದಿ ತಟ್ಟುವುದು ಎಲ್ಲ ಕಲಿತ. ಕರಿಯ ಮಹಾತ್ಮೆಯನ್ನು ಕೈಕಟ್ಟಿಕೊಂಡು ಕೇಳಿದ. ಆದರೆ ಬಾಯಿಗಿಡು ಎಂದಾಗಲೆಲ್ಲ ಅವನಿಗೆ ಏನೋ ಒಂದು ಕೆಲಸ ನೆನಪಾಗುತ್ತಿತ್ತು. ಏಳನೆಯ ದಿನ ಹನುಮಂತಯ್ಯನವರು ಬಿಡಲಿಲ್ಲ. ಗೌತಮ್ ನೆಲ ನೋಡಿದ.

"ಬೇಜಾರ್ ಮಾಡ್ಕೋಬೇಡಿ ಸಾರ್. ಎಂಜಲು ಅಲ್ವಾ?"

ನಮ್ಮ ಜನ ಬಸ್ ಸ್ಟ್ಯಾಂಡಿನಲ್ಲಿ ನೀರಿನ ಬಾಟಲಿಯನ್ನು ಗೇಣುದ್ದ ಮೇಲೆತ್ತಿ ಗಟಗಟ ಕುಡಿಯುವವರು. ಇಂಥವರ ಊರಿನಲ್ಲಿ ಒಬ್ಬರು ಕಚ್ಚಿದ ಪೈಪನ್ನು ಇನ್ನೊಬ್ಬರು ಕಚ್ಚಬೇಕೆಂದರೆ ಹೇಗೆ? ಪೈಪಿನ ಭವಿಷ್ಯಕ್ಕೆ ಅಡ್ಡ ನಿಂತಿದ್ದು ಕಾನೂನೂ ಅಲ್ಲ, ಕ್ಯಾನ್ಸರೂ ಅಲ್ಲ, ಎಂಜಲು.

"ನಾನೇ ನಮ್ಮ ಫೋರ್‌ಮನ್ ಎಂಜಲು ತಗೊಂಡಿಲ್ವೇನೋ?"

"ಅವಾಗ ನೀವು ತೊಳೆದಿಲ್ವಾ ಸಾರ್?"

"ಗುರುಗಳದ್ದನ್ನ ತೊಳೀತಾರೇನೋ!"

ಗೌತಮನ ಮುಖ ಹುಳ್ಳಗಾಯಿತು. ಬೇಕಾದರೆ ಬಾಯಿಗಿಡುವ ತುಂಡನ್ನು ವರ್ಕ್‌ಶಾಪಿನಲ್ಲಿ ಹೊಸದಾಗಿ ಕಡೆದು ತರುತ್ತೇನೆಂದ. ಹನುಮಂತಯ್ಯನವರಿಗೆ ಅವಮಾನವಾಯಿತು. ಬೇಕಾದರೆ ಆಯುಧಪೂಜೆಗೆ ಮನೆಗೆ ಬಾ, ಬೇಡವಾದರೆ ಬೇಡ ಎಂದು ಎದ್ದು ಬಂದರು. ಮನೆಯಲ್ಲಿ ತಟ್ಟೆ ಮುಂದೆ ಕೂತು ಒಂದು ತುತ್ತು ಮುರಿದವರು ಮುದ್ದೆಯನ್ನು ಪಕ್ಕಕ್ಕೆ ಸರಿಸಿದರು. ಚಿಕ್ಕಲಕ್ಷ್ಮಮ್ಮನವರು ಎರಡು ಸಲ ಕೇಳಿದ ಮೇಲೆ, "ಎಂಜಲಂತೆ ಲಕ್ಷ್ಮಮ್ಮಾ, ಆ ವರ್ಕ್‌ಶಾಪ್ ಹುಡ್ಗನ್ಗೂ ಬೇಡ್ವಂತೆ" ಎಂದಷ್ಟೇ ಹೇಳಿ ಕೈತೊಳೆದರು. ನಲವತ್ತು ವರ್ಷದಲ್ಲಿ ಗಂಡ ಊಟ ಬಿಟ್ಟಿದ್ದನ್ನು ಆ ತಾಯಿ ನೋಡಿರಲಿಲ್ಲ.

ಆಯುಧಪೂಜೆ ಬಂತು. ಬೀದಿಯ ತುಂಬ ಸ್ಕೂಟರ್, ಕಾರು, ಆಟೋಗಳಿಗೆ ಸ್ನಾನ. ಹನುಮಂತಯ್ಯನವರು ನಸುಕಿಗೇ ಬೂದುಗುಂಬಳ, ಬಾಳೆಕಂದು ತರಲು ವಿಜಯನಗರದ ಮಾರುಕಟ್ಟೆಗೆ ನಡೆದು ಹೋಗಿ, ಜನಜಂಗುಳಿಯಲ್ಲಿ ಸಿಕ್ಕಿ ಹಣ್ಣಾಗಿ ಹನ್ನೊಂದಕ್ಕೆ ಮನೆಗೆ ಬಂದರು. ದೇವರ ಮುಂದಿನ ಹಿತ್ತಾಳೆ ತಟ್ಟೆಯಲ್ಲಿ ಕತ್ತರಿ, ಸುತ್ತಿಗೆ, ಈಳಿಗೆಮಣೆ, ಭೈರೇಶನ ಲ್ಯಾಪ್‌ಟಾಪು ಸಾಲಾಗಿ ಕೂತಿದ್ದವು. ನಡುವೆ ವಿಭೂತಿ ಬಳಿದುಕೊಂಡು, ಕುಂಕುಮ ಇಟ್ಟುಕೊಂಡು, ತಲೆಯ ಮೇಲೊಂದು ಸೇವಂತಿಗೆ ಹೊತ್ತು, ಮದುಮಗನ ಹಾಗೆ ಪೈಪು ಹೊಳೆಯುತ್ತಿತ್ತು.

ಹೊಳೆಯುತ್ತಿದ್ದುದೇ ತೊಂದರೆ. ಹನುಮಂತಯ್ಯನವರು ಸೇವಂತಿಗೆ ತೆಗೆದು ಬಟ್ಟಲಿನೊಳಗೆ ಇಣುಕಿದರು. ಒಳಗೆ ಆಗತಾನೆ ಕೊರೆದ ಹೊಸ ಮರ. ಚನ್ನಮಲ್ಲಪ್ಪನವರೂ ಇರಲಿಲ್ಲ, ತಾವೂ ಇರಲಿಲ್ಲ.

"ಲೇ! ಏನೇ ಮಾಡ್ದೆ ಇದನ್ನ?"

ಚಿಕ್ಕಲಕ್ಷ್ಮಮ್ಮನವರು ಅಡುಗೆಮನೆಯಿಂದ ನಗುತ್ತಲೇ ಬಂದರು. "ತೊಳ್ದೆ ಕಣ್ರೀ. ಹುಣಸೆಹಣ್ಣು ಹಚ್ಚಿ ನೆನೆಹಾಕಿ, ಬಿಸಿನೀರಲ್ಲಿ ಕುದ್ಸಿದೆ. ಒಳಗಡೆ ಎಂಥಾ ಕೊಳಕು ಅಂತೀರಾ, ಮೊಳೆ ತಗೊಂಡು ಮೂರು ಗಂಟೆ ಕೆರೆದಿದೀನಿ. ಇನ್ನು ಯಾರೂ ಎಂಜಲು ಅನ್ನೋ ಹಂಗಿಲ್ಲ. ಆ ಹುಡ್ಗನ್ನ ಕರೀರಿ."

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೆಂಡತಿಯ ಕೈ ಕಂಡಿತು. ಹತ್ತೂ ಉಗುರಿನ ಸಂದಿಯಲ್ಲಿ ಕರಿ, ತೋರುಬೆರಳಿಗೆ ಮೊಳೆ ಚುಚ್ಚಿ ಅರಿಸಿನ ಮೆತ್ತಿದ್ದ ಗಾಯ. ಮೂಗು ಮುಚ್ಚಿಕೊಳ್ಳದೆ ಆ ಪೈಪಿನ ಹತ್ತಿರಕ್ಕೂ ಬಾರದವಳು ಮೂರು ಗಂಟೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹನುಮಂತಯ್ಯನವರಿಗೆ ಸಿಟ್ಟು ಬಂದಷ್ಟೇ ಬೇಗ ಇಳಿಯಿತು, ಅದರ ಜಾಗಕ್ಕೆ ನಾಚಿಕೆ ಬಂತು. "ಚೆನ್ನಾಗಿ ಬೆಳಗಿದೀಯ" ಎಂದರು.

ಮಧ್ಯಾಹ್ನ ಗೌತಮ್ ಬಂದ, ವರ್ಕ್‌ಶಾಪಿನ ಪೂಜೆಯ ಪುರಿ, ಬೂಂದಿ ಹಿಡಿದುಕೊಂಡು. ಹನುಮಂತಯ್ಯನವರು ಸುಳ್ಳು ಹೇಳಲಿಲ್ಲ.

"ನಿಂಗೆ ಕೊಡೋಣ ಅಂತಿದ್ದಿದ್ದು ಒಳಗಿನ ಕರಿ ಕಣಪ್ಪಾ. ಅದು ಹೋಯ್ತು. ಇದು ಈಗ ಬರೀ ಮರ. ಸೊನ್ನೆಯಿಂದ ಶುರು ಮಾಡ್ಬೇಕು."

"ಮತ್ತೆ ಅಷ್ಟು ಕರಿ ಬರೋಕೆ ಎಷ್ಟು ವರ್ಷ ಸಾರ್?"

"ಅರವತ್ತು."

ಗೌತಮ್ ಬೆರಳು ಮಡಿಚಿದ. "ನಂಗೆ ಎಂಬತ್ಮೂರು ಆಗುತ್ತೆ. ಆದ್ರೆ ಡಾಕ್ಟರ್ ಎಪ್ಪತ್ತಕ್ಕೇ ಬಿಡು ಅಂತಾರೆ. ಲೆಕ್ಕ ಕೂಡ್ತಾ ಇಲ್ವಲ್ಲ ಸಾರ್." ಮಡಿಚಿದ ಬೆರಳು ಬಿಡಿಸಿದ. "ಒಂದ್ ಕೆಲ್ಸ ಮಾಡ್ಲಾ? ನೀವು ಇವತ್ತು ಬಿಡ್ತಾ ಇದೀರಲ್ಲ, ನಾನೂ ನಿಮ್ ಜೊತೆ ಇವತ್ತೇ ಬಿಟ್ಬಿಡ್ತೀನಿ."

"ನೀನಿನ್ನೂ ಶುರುನೇ ಮಾಡಿಲ್ವಲ್ಲೋ!"

"ಅದಕ್ಕೇ ಸಾರ್, ಕಷ್ಟ ಆಗಲ್ಲ. ಪೈಪ್ ಮಾತ್ರ ಕೊಡಿ. ನನ್ನ ಮಷಿನ್ ಪಕ್ಕ ಇಟ್ಕೋತೀನಿ. ಯಾರಾದ್ರೂ ಡ್ರಿಲ್ಲಿಂಗ್ ಅಂದ್ರೆ ಹೆಂಗಿರಬೇಕು ಅಂತ ಕೇಳಿದ್ರೆ ಇದನ್ನ ತೋರಿಸ್ತೀನಿ."

ಹನುಮಂತಯ್ಯನವರು ಪೈಪನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಗೌತಮ್ ಕಣ್ಣಿಗೊತ್ತಿಕೊಂಡ. ಅಲ್ಲಿಗೆ ಎಲ್ಲ ಸುಖಾಂತ್ಯವಾಗಬೇಕಿತ್ತು. ಅಷ್ಟರಲ್ಲಿ ಚಿಕ್ಕಲಕ್ಷ್ಮಮ್ಮನವರು, "ಅಯ್ಯೋ, ತಡಿಯಪ್ಪಾ!" ಎಂದು ಕೂಗಿಕೊಂಡರು.

"ತೊಳೆದ್ಮೇಲೆ ತೂತು ಬಿಟ್ಟಿದೆಯೋ ಇಲ್ವೋ ನೋಡ್ಬೇಕಲ್ಲ, ಅದಕ್ಕೆ..." ಎಂದು ಸೆರಗು ಹಿಂಡಿದರು. "ನಾನೇ ಬಾಯಿಗಿಟ್ಟು ಒಂದ್ ಸಲ ಎಳೆದೆ."

ಮೂವರೂ ಪೈಪನ್ನು ನೋಡಿದರು. ಎಂಜಲು ತೊಳೆಯಲು ಮೂರು ಗಂಟೆ ಕೆರೆದು, ಕೊನೆಗೆ ತಾವೇ ಎಂಜಲು ಮಾಡಿ, ಅದನ್ನು ದೇವರ ಮುಂದಿಟ್ಟು ಮಂಗಳಾರತಿ ಬೇರೆ ಎತ್ತಿದ್ದರು. ಹನುಮಂತಯ್ಯನವರು ನಗಲು ಶುರು ಮಾಡಿದವರು ಕೆಮ್ಮು ಬಂದರೂ ನಿಲ್ಲಿಸಲಿಲ್ಲ. ಗೌತಮ್ ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಬೇಡವೆಂದರೂ ಬಾಯಿಗಿಡುವ ತುಂಡನ್ನು ಕಡೆದೇ ತಂದಿದ್ದ. ಹಳೆಯದನ್ನು ಕಳಚಿ ಹನುಮಂತಯ್ಯನವರ ಅಂಗೈಗಿಟ್ಟು ಹೊಸದನ್ನು ಕೂರಿಸಿದ. ಅದು ಟಕ್ ಎಂದು ಕೂತಿತು.

ಮಾರನೆಯ ದಿನ ಸಂಜೆ ಐದಕ್ಕೆ ಹನುಮಂತಯ್ಯನವರ ಕಾಲು ಅಭ್ಯಾಸಬಲದಿಂದ ಬೆಂಚಿನ ಕಡೆ ನಡೆಯಿತು. ಬಟ್ಟಲಿಲ್ಲದ ಬರೀ ಕೊಳವೆಯನ್ನು ಹಲ್ಲಿಗೆ ಕಚ್ಚಿಕೊಂಡು ಕೂತರು. ಹೊಗೆಯಿಲ್ಲ, ರುಚಿಯಿಲ್ಲ, ಮಾಡಲು ಕೆಲಸವೂ ಇಲ್ಲ. ಐದು ನಿಮಿಷಕ್ಕೇ ಸಾಕಾಗಿ ಏಳಬೇಕೆನ್ನುವಾಗ ಚಿಕ್ಕಲಕ್ಷ್ಮಮ್ಮನವರು ಚಪ್ಪಲಿ ಎಳೆದುಕೊಂಡು ಬಂದು, ಮೂಗಿಗೆ ಸೆರಗು ಹಿಡಿಯದೆ, ಪಕ್ಕದಲ್ಲಿ ಕೂತರು.

"ಇಷ್ಟು ವರ್ಷ ಇಲ್ಲಿ ಒಬ್ರೇ ಕೂತ್ಕೊಂಡು ಏನ್ ಮಾಡ್ತಿದ್ರಿ?"

"ಸೇದ್ತಿದ್ದೆ."

"ಅಷ್ಟೇನಾ?"

ಹನುಮಂತಯ್ಯನವರು ಯೋಚಿಸಿ ನೋಡಿದರು. ದಿನಕ್ಕೆ ನಲವತ್ತು ನಿಮಿಷದ ಹಾಗೆ ನಲವತ್ತು ವರ್ಷ. ಆ ಹೊತ್ತಿನಲ್ಲಿ ಇವಳು ಮನೆಯಲ್ಲಿ ಏನು ಮಾಡುತ್ತಿದ್ದಳೆಂದು ಒಂದು ದಿನವೂ ಕೇಳಿರಲಿಲ್ಲ. ಕೊಳವೆಯನ್ನು ಬಾಯಿಂದ ತೆಗೆದು ಬನಿಯನ್ನಿನ ಜೇಬಿಗಿಟ್ಟರು.

"ನೀನೇನ್ ಮಾಡ್ತಿದ್ದೆ ಹೇಳು" ಎಂದರು. ಚಿಕ್ಕಲಕ್ಷ್ಮಮ್ಮನವರು ಕಾಲು ಮಡಿಚಿ ಬೆಂಚಿನ ಮೇಲೆ ಚೆನ್ನಾಗಿ ಕೂತು, ಪೈಪು ಮನೆಗೆ ಬಂದ ಎಂಬತ್ನಾಲ್ಕನೇ ಇಸವಿಯಿಂದ ಶುರು ಮಾಡಿದರು.