ಬೂದಿರಾಯನ ಅಳತೆ

ಜಿಗಣಿಯ ಬೋಲ್ಟ್ ಫ್ಯಾಕ್ಟರಿಯಲ್ಲಿ ಕೊಟ್ರಪ್ಪ ಕ್ವಾಲಿಟಿ ಇನ್ಸ್‌ಪೆಕ್ಟರ್. ಇನ್ಸ್‌ಪೆಕ್ಟರ್ ಅಂದರೆ ಊರಿನವರು ಪೊಲೀಸ್ ಅಂದುಕೊಂಡಿದ್ದರು. ಅವನೂ ತಿದ್ದಲು ಹೋಗಿರಲಿಲ್ಲ. ಆರು ದಿನ ಬೋಲ್ಟಿನ ದಪ್ಪ ಅಳೆಯುವುದು, ಭಾನುವಾರ ಬಾಡಿಗೆ ಕೋಣೆಯಲ್ಲಿ ಚಾಪೆ ಹಾಸಿ ಮೂವರಿಗೆ ಆಟ ನಡೆಸುವುದು. ಮನೆ ಮಾಲೀಕರ ಮಗ ಪ್ರಸನ್ನ, ಫ್ಯಾಕ್ಟರಿಯ ಅಸೆಂಬ್ಲಿ ವಿಭಾಗದ ರೇವಣಸಿದ್ದ, ಪ್ಯಾಕಿಂಗಿನ ಭಾಗ್ಯಶ್ರೀ. ಆಟವೆಂದರೆ ಬಾಯಲ್ಲೇ ಕಟ್ಟುವ ಕಥೆ: ಒಬ್ಬೊಬ್ಬರದು ಒಂದೊಂದು ಪಾತ್ರ, ಏಟು ಬಿತ್ತೋ ತಪ್ಪಿತೋ ಹೇಳುವುದು ದಾಳ, ಖಳನ ಪಾಲು ಯಾವಾಗಲೂ ಕೊಟ್ರಪ್ಪನದು.

ಆ ಖಳ ಬೂದಿರಾಯ. ಸೋತಾಗಲೆಲ್ಲ ಹೊಗೆಯಾಗಿ ಪಾರಾಗುತ್ತಿದ್ದ, ಮತ್ತೆ ಬರುತ್ತಿದ್ದ. ಅವನೆಷ್ಟು ಭಯಂಕರ ಎಂಬುದಕ್ಕೆ ಕೊಟ್ರಪ್ಪ ಒಂದು ಅಳತೆ ಕಂಡುಕೊಂಡಿದ್ದ: ಬೂದಿರಾಯ ಬಂದ ಎಂದೊಡನೆ ಮಂಡಕ್ಕಿ ತಟ್ಟೆಯಲ್ಲಿ ಎಷ್ಟು ಕೈ ತಿನ್ನುವುದು ಬಿಟ್ಟು ನಿಂತವು? ಮೊದಲ ಸಲ ಮೂರು. ನಾಲ್ಕನೆಯ ಸಲ ಒಂದು. ಫ್ಯಾಕ್ಟರಿಯ ರಿಪೋರ್ಟ್ ಹಾಳೆಯ ಹಿಂಬದಿಯಲ್ಲಿ ಎಲ್ಲವೂ ದಾಖಲು. ಮುಂಬದಿಯನ್ನು ಅವನು ಅಷ್ಟು ಶ್ರದ್ಧೆಯಿಂದ ತುಂಬಿದ್ದೇ ಇಲ್ಲ. ಬೂದಿರಾಯನಿಗೆ ಎರಡನೆಯ ತಲೆ, ವಿಷದ ಕತ್ತಿ ಕೊಟ್ಟು ನೋಡಿದ. ಆರನೆಯ ಸಲ ಒಂದು ಕೈಯೂ ನಿಲ್ಲಲಿಲ್ಲ.

“ನಿಮ್ಮ ಸೂಪರ್‌ವೈಸರ್ ಇದ್ದಂಗವ್ನೆ ಗುರು,” ಎಂದ ಪ್ರಸನ್ನ. “ಬರ್ತಾನೆ, ಕೂಗಾಡ್ತಾನೆ, ಹೋಗ್ತಾನೆ. ಮುಂದಿನ್ವಾರಾನೂ ಹಿಂಗೇ ಆದ್ರೆ ನಾನು ಕ್ರಿಕೆಟ್‌ಗೆ ಹೋಗ್ತೀನಪ್ಪ.”

“ನಾನೂ,” ಎಂದ ರೇವಣಸಿದ್ದ, ಬಾಯಿ ತುಂಬ ಮಂಡಕ್ಕಿ.

ಕೊಟ್ರಪ್ಪನ ಮಾತಿಗೆ ಜನ ಕಿವಿಗೊಡುತ್ತಿದ್ದುದು ವಾರಕ್ಕೆ ಅದೊಂದೇ ಮಧ್ಯಾಹ್ನ. ವಾರವಿಡೀ ತಲೆ ಕೆಡಿಸಿಕೊಂಡು ಕೊನೆಗೆ ತಪ್ಪು ಹಿಡಿದ: ಖಳನಿಗೆ ಬಲ ತುಂಬಿದ್ದೇ ಬಂತು, ಇವರಿಂದ ಅವನು ಏನನ್ನೂ ಕಿತ್ತುಕೊಂಡಿರಲಿಲ್ಲ.

ಆ ಭಾನುವಾರ ಬೂದಿರಾಯ ಕತ್ತಿ ಹಿರಿಯಲಿಲ್ಲ. ಭಾಗ್ಯಶ್ರೀ ಏಳು ತಿಂಗಳಿಂದ ಆಟದೊಳಗೆ ಕಟ್ಟಿಕೊಂಡಿದ್ದ ಮನೆಗೆ, ಹಿತ್ತಿಲಲ್ಲಿ ನುಗ್ಗೆಮರವಿದ್ದ ಸ್ವಂತ ಮನೆಗೆ, ಬೆಂಕಿಯಿಟ್ಟು ಹೋದ. ದಾಳವೂ ಅದನ್ನು ಉಳಿಸಲಿಲ್ಲ.

ಮೂರು ಕೈಯೂ ನಿಂತವು. ಹಾಳೆಯಲ್ಲಿ ಮೂರು ಎಂದು ಬರೆಯುವಾಗ ಕೊಟ್ರಪ್ಪನಿಗೆ ನಗು ತಡೆಯಲಾಗಲಿಲ್ಲ. ತಲೆಯೆತ್ತಿದರೆ ಭಾಗ್ಯಶ್ರೀ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು.

“ಆಟ ಐತಿ ತಂಗೀ, ಕುಂದ್ರು. ಮನಿ ಮತ್ತ ಕಟ್ಟಿದ್ರಾತು,” ಎಂದ ಕೊಟ್ರಪ್ಪ.

“ಆರ್ ದಿನ ಫ್ಯಾಕ್ಟರಿಯಾಗ ಅಂಜ್ಕೋತ ಇರ್ತೀನ್ರಿ ಅಣ್ಣಾ. ಐತ್ವಾರ ಒಂದಿನ ಆ ಮನಿಯಾಗ ಕುಂದ್ರಾಕ ಬರ್ತಿದ್ದೆ. ನಿಮ್ಮ ಬೂದಿರಾಯನ್ನ ನೋಡಾಕಲ್ಲ.”

ಅವಳನ್ನು ಬಸ್ ಹತ್ತಿಸಿ ಬರುತ್ತೇನೆಂದು ಹೋದ ರೇವಣಸಿದ್ದ ಮರಳಲಿಲ್ಲ. ಪ್ರಸನ್ನ ಉಳಿದ ಮಂಡಕ್ಕಿ ಮುಗಿಸಿ ಕೈ ಒರೆಸಿಕೊಂಡ. “ಇವತ್ತು ಸಕ್ಕತ್ತಾಗಿತ್ತು ಗುರು. ಆದ್ರೆ ಇನ್ ಯಾರ್ ಬರ್ತಾರೆ?”

ಕೊಟ್ರಪ್ಪ ಮತ್ತೆರಡು ಭಾನುವಾರ ಕಾದ. ಮೂರನೆಯದಕ್ಕೆ ಓವರ್‌ಟೈಮಿಗೆ ಹೆಸರು ಕೊಟ್ಟ.