ಮಡಿಯಲ್ಲಿ ಕೇಳಿದ ಕಾದಂಬರಿ

ನಮ್ಮವ್ವ ಅಹಲ್ಯಾಬಾಯಿ ಮೂವತ್ತು ವರ್ಷದಿಂದ ಶ್ರಾದ್ಧದ ಅಡುಗೆ ಮಾಡುತ್ತ ಬಂದವಳು. ರಾಯಚೂರು, ಮಾನ್ವಿ, ದೇವದುರ್ಗದ ವೈಷ್ಣವರ ಮನೆಗಳಲ್ಲಿ ತಿಥಿ ಬಂತೆಂದರೆ ಮೊದಲ ಫೋನು ಪುರೋಹಿತರಿಗೆ, ಎರಡನೆಯದು ಅವ್ವನಿಗೆ. ಅಪ್ಪ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗಳಾಗಿದ್ದ ಅವ್ವನನ್ನು ಕೈಹಿಡಿದದ್ದು ಒಲೆ. ನಾನು ಓದಿದ್ದು, ದೇವದುರ್ಗದ ಹೈಸ್ಕೂಲಿನಲ್ಲಿ ಟೀಚರ್ ಆದದ್ದು ಎಲ್ಲ ಆ ಒಲೆಯಿಂದಲೇ. ಇದನ್ನು ಕೇಳಿದವರು ಕಣ್ಣು ಒರೆಸಿಕೊಳ್ಳುತ್ತಾರೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಆಕೆಗೆ ಬೇಕಾಗಿದ್ದದ್ದು ಒಲೆಯಲ್ಲ, ಪುಸ್ತಕ.

ಮಡಿಯಲ್ಲಿ ಪುಸ್ತಕ ಮುಟ್ಟುವಂತಿಲ್ಲ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಶ್ರಾದ್ಧದ ಅಡುಗೆಯವಳು ಮುಂಜಾನೆ ತಣ್ಣೀರು ಸುರಿದುಕೊಂಡು, ಯಾರೂ ಮುಟ್ಟದ ಹಾಗೆ ಒಣಗಿಸಿದ ಸೀರೆ ಉಟ್ಟು ಅಡುಗೆಮನೆ ಹೊಕ್ಕರೆ, ಬ್ರಾಹ್ಮಣರ ಊಟ ಮುಗಿಯುವ ತನಕ ಹೊರಗಿನದು ಯಾವುದನ್ನೂ ಮುಟ್ಟಬಾರದು. ಅಡುಗೆಯ ರುಚಿಯನ್ನೂ ನೋಡಬಾರದು. ಪಿತೃಗಳಿಗೆ ಎಡೆಯಾಗುವ ಮೊದಲು ನಾಲಿಗೆಗೆ ತಾಗಿಸಿದರೆ ಎಂಜಲಾಯಿತು. ಉಪ್ಪು, ಮೆಣಸು ಎಲ್ಲವೂ ಕೈಯಂದಾಜು. ಉಣ್ಣುವವರ ಕತೆಯೂ ಅಷ್ಟೆ. ಶ್ರಾದ್ಧದ ಎಲೆಗೆ ಕೂತ ಬ್ರಾಹ್ಮಣ ಅಡುಗೆ ಚೆನ್ನಾಗಿದೆ ಎನ್ನಬಾರದು, ಚೆನ್ನಾಗಿಲ್ಲ ಎಂದೂ ಎನ್ನಬಾರದು. ಬಾಯಿಮುಚ್ಚಿ ಉಂಡು, ಕೊನೆಗೆ ತೃಪ್ತಿಯಾಯಿತೇ ಎಂದು ಕೇಳಿದಾಗ ಆಯಿತು ಎನ್ನಬೇಕು.

"ಮಾಡೋಳಿಗೆ ನಾಲಿಗಿ ಇಲ್ಲ, ಉಣ್ಣೋರಿಗೆ ಬಾಯಿ ಇಲ್ಲ. ಭಾರಿ ಊಟ ಬಿಡವ್ವಾ ನಿಮ್ದು," ಎಂದು ನಾನು ಕಾಡಿಸುತ್ತಿದ್ದೆ.

"ಅದಕ್ಕ ನನ್ನ ಕರೀತಾರ. ನನ್ನ ಕೈಗೇ ನಾಲಿಗಿ ಅದ," ಎನ್ನುತ್ತಿದ್ದಳು. ಅದು ಜಂಬವಲ್ಲ, ನಿಜ. ಮೂವತ್ತು ವರ್ಷದಲ್ಲಿ ಒಂದು ದಿನವೂ ಆಕೆಯ ಕೈ ತಪ್ಪಿದ್ದಿಲ್ಲ.

ಮನೆಗೆ ಬಂದ ಮೇಲೆ ಓದೋಣವೆಂದರೆ ಸೊಂಟ ಬಿಡುತ್ತಿರಲಿಲ್ಲ. ಎರಡು ಪುಟಕ್ಕೆ ಕಣ್ಣು ಮುಚ್ಚುತ್ತಿತ್ತು. ಒಂದು ಕಾದಂಬರಿಗೆ ಆರು ತಿಂಗಳು ಹಿಡಿಯುತ್ತಿತ್ತು, ಅಷ್ಟರಲ್ಲಿ ನಾಯಕಿಯ ಗಂಡ ಯಾರು, ಮೈದುನ ಯಾರು ಎಂಬುದೇ ಮರೆತು ಮತ್ತೆ ಮೊದಲ ಪುಟಕ್ಕೆ ಬರುತ್ತಿದ್ದಳು. ನಾನೋ, ರಾಯಚೂರಿನಿಂದ ದೇವದುರ್ಗಕ್ಕೆ ಹೋಗಿಬರುವ ಬಸ್ಸಿನಲ್ಲಿ ದಿನಕ್ಕೆ ಮೂರು ತಾಸು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಪುಸ್ತಕ ಕೇಳುತ್ತಿದ್ದೆ. ಓದುವವರ ದನಿ ನಿಧಾನವೆನಿಸಿ ಒಂದೂವರೆ ಪಟ್ಟು ವೇಗಕ್ಕೆ ಇಟ್ಟುಕೊಂಡಿದ್ದೆ. ವರ್ಷಕ್ಕೆ ನಲವತ್ತು ಪುಸ್ತಕ ಮುಗಿಸುತ್ತೇನೆಂದು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಅಂಥ ಜಾಣೆ ನಾನು.

ಎರಡು ವರ್ಷದ ಹಿಂದೆ ಅವ್ವನನ್ನು ನಮ್ಮ ಓಣಿಯ ಬಾಯಿಗಿದ್ದ ನೌಶೀನಳ ಮೊಬೈಲ್ ಅಂಗಡಿಗೆ ಕರೆದುಕೊಂಡು ಹೋದೆ. ನೌಶೀನ್ ಹೊಸ ಫೋನಿನಲ್ಲಿ ಕೇಳುಪುಸ್ತಕಗಳನ್ನು ತುಂಬಿಕೊಟ್ಟು, "ಒಮ್ಮಿ ಒತ್ತಿ ಇಟ್ಟುಬಿಡ್ರಿ ಅಮ್ಮಾ, ತಾನ ಓದ್ಕೊಂತ ಹೋಗ್ತದ. ಮತ್ತ ಮುಟ್ಟೂದೇ ಬ್ಯಾಡ," ಎಂದಳು.

ಅವ್ವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಮುಟ್ಟುವುದೇ ಬೇಡ! ಅಂದಿನಿಂದ ಆಕೆ ಸ್ನಾನಕ್ಕೆ ಹೋಗುವ ಮೊದಲು ಫೋನು ಒತ್ತಿ ಅಡುಗೆಮನೆಯ ಕಿಟಕಿಯ ಹೊರಗೆ ಇಡುತ್ತಿದ್ದಳು. ಒಳಗೆ ಬಾಳೆಕಾಯಿ ಹೆಚ್ಚುತ್ತ, ಉದ್ದು ರುಬ್ಬುತ್ತ ಮಧ್ಯಾಹ್ನದವರೆಗೆ ಕೇಳುತ್ತಿದ್ದಳು. "ಕಿವಿಗೆ ಎಲ್ಲೀ ಮೈಲಿಗಿ?" ಎನ್ನುತ್ತಿದ್ದಳು. ಮನೆಯವರು ಅದೇನೆಂದು ಕೇಳಿದರೆ ಪುರಾಣ ಎಂದು ಹೇಳು ಅಂತ ಕಲಿಸಿದ್ದು ನಾನು. ಸಣ್ಣ ದನಿ, ಗಂಭೀರ ಗಂಟಲು; ದೂರದಿಂದ ಪುರಾಣದ ಹಾಗೇ ಕೇಳಿಸುತ್ತಿತ್ತು. ಯಾರೂ ಕಿವಿಗೊಟ್ಟು ಕೇಳಲಿಲ್ಲ. ಅಡುಗೆಯವಳು ಏನು ಕೇಳಿದರೆ ಯಾರಿಗೇನು?

ಮೊದಲ ವರ್ಷವೇ ಮೂವತ್ತೊಂದು ಪುಸ್ತಕ. ಐವತ್ತೈದು ದಾಟಿದ ಹೆಂಗಸು ಎಳೆಯ ಹುಡುಗಿಯಂತಾದಳು. ಕೆಲಸವಿಲ್ಲದ ದಿನ ನೌಶೀನಳ ಅಂಗಡಿಯ ಸ್ಟೂಲಿನ ಮೇಲೆ ಕೂತು ಕತೆ ಹೇಳುತ್ತಿದ್ದಳು. "ಅಂಥಾ ಗಂಡನ ಮನಿಗೆ ಆಕಿ ತಿರುಗಿ ಯಾಕ ಹೋಗಬೇಕವಾ?" ಎಂದು ಜಗಳ ತೆಗೆಯುತ್ತಿದ್ದಳು. ನೌಶೀನ್ ಒಡೆದ ಗಾಜು ಬದಲಿಸುತ್ತ ನಾಯಕಿಯ ಪರ ವಾದಿಸುತ್ತಿದ್ದಳು. ನನಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಇನ್ನೂ ಹೆಚ್ಚು ಮುಗಿಸಬಹುದು ಎಂದು ಹೇಳಿ ಆಕೆಯ ಫೋನನ್ನೂ ಒಂದೂವರೆ ಪಟ್ಟು ವೇಗಕ್ಕೆ ಹಚ್ಚಿಕೊಟ್ಟೆ.

ಹೋದ ಭಾದ್ರಪದದ ಪಕ್ಷಮಾಸ, ಅಂದರೆ ಪಿತೃಪಕ್ಷ. ಹದಿನೈದು ದಿನ, ದಿನಕ್ಕೊಂದು ಮನೆ. ಆ ದಿನ ಮಾನ್ವಿಯಲ್ಲಿ ಜಗನ್ನಾಥ ವಕೀಲರ ತಂದೆಯ ಶ್ರಾದ್ಧ. ಎಲೆಗೆ ಕೂಡಲು ಕರೆದ ಮೂವರಲ್ಲಿ ಸಂಕರ್ಷಣಾಚಾರ್ಯರು ಹಿರಿಯರು. ಎಪ್ಪತ್ತಾರು ವರ್ಷ, ಗುಂಡಿಗೆಯ ಕಾಯಿಲೆ. ಡಾಕ್ಟರು ಉಪ್ಪು ಹತ್ತಿರ ಬರಗೊಡಬೇಡಿ ಎಂದಿದ್ದರು. ಇದು ಮಾನ್ವಿಗೆಲ್ಲ ಗೊತ್ತು. ಆಚಾರ್ಯರು ಬರುವ ಮನೆಯಲ್ಲಿ ಅವ್ವ ಉಪ್ಪನ್ನು ಅರ್ಧಕ್ಕೆ ಇಳಿಸುತ್ತಿದ್ದಳು.

ಕಿಟಕಿಯಲ್ಲಿ ಆ ಹೊತ್ತು ಓಡುತ್ತಿದ್ದದ್ದು ಒಬ್ಬ ತಾಯಿಯ ಕತೆ. ಬಡತನದಲ್ಲಿ ಬೇರೆಯವರಿಗೆ ಕೊಟ್ಟ ಮಗಳನ್ನು ಹದಿನೆಂಟು ವರ್ಷ ಹುಡುಕಿ, ಕೊನೆಗೆ ಆಕೆಯ ಬಾಗಿಲು ತಟ್ಟುತ್ತಾಳೆ. ಅವ್ವ ತೊವ್ವೆಗೆ, ಸಾರಿಗೆ ಉಪ್ಪು ಹಾಕಿದಳು. ಕತೆಯಲ್ಲಿ ಆ ಬಾಗಿಲ ಒಳಗಿನಿಂದ ಹೆಜ್ಜೆಯ ಸದ್ದು, ಚಿಲಕ ಸರಿಯಿತು. ಅದೇ ಹೊತ್ತಿಗೆ ಜಗನ್ನಾಥರ ಹೆಂಡತಿ ಹೊಸ್ತಿಲಾಚೆ ನಿಂತು ಎಲೆ ಎಷ್ಟು ಬೇಕು, ತುಪ್ಪ ಯಾವಾಗ ಕಾಯಿಸಬೇಕು ಎಂದು ಕೇಳತೊಡಗಿದರು. ಪುಸ್ತಕವಾಗಿದ್ದರೆ ಮಗುಚಿ ಇಡಬಹುದಿತ್ತು. ಫೋನು ಮುಟ್ಟುವಂತಿಲ್ಲ, ನಿಲ್ಲಿಸು ಎಂದು ಅವರಿಗೆ ಹೇಳುವಂತಿಲ್ಲ. ಪುರಾಣ ಯಾರು ನಿಲ್ಲಿಸುತ್ತಾರೆ? ಅತ್ತ ಆ ದನಿ ಒಂದೂವರೆ ಪಟ್ಟು ಓಡುತ್ತಲೇ ಇತ್ತು. ಅವ್ವ ಬಾಯಿಂದ ಇವರಿಗೆ ಉತ್ತರ ಕೊಡುತ್ತ, ಕಿವಿಯನ್ನು ಕಿಟಕಿಗೆ ಕೊಟ್ಟಳು. ಕೈ ಉಪ್ಪಿನ ಮರಿಗೆಗೆ ಇನ್ನೊಮ್ಮೆ ಹೋಗಿ ಬಂತು, ತೊವ್ವೆಗೂ ಸಾರಿಗೂ.

"ಕೈ ತನ್ನ ಕೆಲಸ ಮಾಡ್ತು. ನಾ ಅಲ್ಲಿ ಇರಲಿಲ್ಲ," ಎಂದು ಆಮೇಲೆ ನನಗೆ ಹೇಳಿದಳು.

ಮೂವರೂ ಮೌನವಾಗಿ ಉಂಡರು. ಆಚಾರ್ಯರು ಮೂರು ಸಲ ನೀರು ಕೇಳಿದರು. ತೃಪ್ತಿಯಾಯಿತೇ ಎಂಬ ಪ್ರಶ್ನೆಗೆ ಎಲ್ಲರಿಗಿಂತ ಗಟ್ಟಿಯಾಗಿ ಆಯಿತು ಎಂದವರು ಅವರೇ. ಅಡುಗೆಯವಳು ಉಣ್ಣುವುದು ಎಲ್ಲರಿಗಿಂತ ಕೊನೆಗೆ. ಅವ್ವ ಮೊದಲ ತುತ್ತು ಬಾಯಿಗಿಟ್ಟವಳು ಹಾಗೇ ಎದ್ದಳಂತೆ. ಆಗಲೇ ಉಂಡು ಕೈತೊಳೆದಿದ್ದ ಜಗನ್ನಾಥರು, "ಇರ್ಲಿ ಬಿಡ್ರಿ ಅಹಲ್ಯಾಬಾಯಿ. ವಯಸ್ಸಾತು, ಒಮ್ಮೊಮ್ಮಿ ಕೈ ತಪ್ತದ," ಎಂದು ನಕ್ಕರು. ಅವ್ವ ಚಪ್ಪಲಿಯನ್ನೂ ಮೆಟ್ಟದೆ ಆಚಾರ್ಯರ ಮನೆಗೆ ಓಡಿದಳು. ಅವರು ಜಗುಲಿಯ ಮೇಲೆ ಕೂತು, "ನಂಗೇನಾಗ್ಯದ? ಆರಾಮ ಇದ್ದೀನಿ," ಎಂದು ಕಳಿಸಿಬಿಟ್ಟರು.

ಮರುದಿನ ಮುಂಜಾನೆ ಅವರಿಗೆ ಉಸಿರು ಸಿಕ್ಕಿಕೊಂಡಿತು. ರಾಯಚೂರಿನ ಆಸ್ಪತ್ರೆಗೆ ತಂದು ಆಮ್ಲಜನಕ ಹಚ್ಚಿದರು. ನಾನು ರಜೆ ಹಾಕಿ ಓಡಿದೆ. ಅವ್ವ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು, ಒಪ್ಪಿಕೊಂಡ ಮನೆಗಳಿಗೆ ಬರಲಾಗದೆಂದು ಹೇಳಿಕಳಿಸಿ ನಾಲ್ಕು ದಿನ ಅಲ್ಲಿಂದ ಏಳಲಿಲ್ಲ. ಆ ನಾಲ್ಕು ದಿನ ನಾನು ದೇವರಿಗೆ ಹೇಳಿಕೊಂಡದ್ದು ಒಂದೇ: ಈ ಮುದುಕ ಬದುಕಲಿ, ಇಲ್ಲದಿದ್ದರೆ ನಮ್ಮವ್ವ ಉಳಿಯುವುದಿಲ್ಲ.

ಐದನೆಯ ದಿನ ಅವರು ಕಣ್ಣುಬಿಟ್ಟು ಮಾತಾಡಿದರು. ಗಂಡಾಂತರ ಕಳೆಯಿತು ಎಂದು ನಾನು ಉಸಿರುಬಿಡುವಷ್ಟರಲ್ಲಿ ಅವ್ವ, "ಜಗನ್ನಾಥರು ನೋಡಲಿಕ್ಕೆ ಬಂದಾರ. ಖರೇ ಹೇಳಿಬಿಡ್ತೀನಿ," ಎಂದಳು.

"ಯಾರು ಕೇಳ್ಯಾರ ನಿನ್ನ? ವಯಸ್ಸಾತು ಅಂತ ಅವರೇ ಅಂದಾರಲ್ಲ. ಸುಮ್ಮನಿರು!"

"ಅದು ಸುಳ್ಳು ಶ್ರೀಪ್ರಿಯಾ. ನನ್ನ ಕೈಗೆ ವಯಸ್ಸಾಗಿಲ್ಲ."

ನಾನು ಸೆರಗು ಹಿಡಿದು ಎಳೆದರೂ ನಿಲ್ಲಲಿಲ್ಲ. ಎದುರಿಗೆ ಹೋಗಿ ನಿಂತು, ಕಿಟಕಿಯಲ್ಲಿ ಇದ್ದದ್ದು ಪುರಾಣವಲ್ಲ, ಕಾದಂಬರಿ, ಅದರ ಗುಂಗಿನಲ್ಲಿ ಉಪ್ಪು ಎರಡು ಸಲ ಬಿತ್ತು ಎಂದು ಹೇಳಿದಳು. ಜಗನ್ನಾಥರ ಮುಖ ಕೆಂಪಾಯಿತು. ಉಪ್ಪನ್ನು ನಗುತ್ತ ನುಂಗಿದ ಮನುಷ್ಯನಿಗೆ ಇದನ್ನು ನುಂಗಲಾಗಲಿಲ್ಲ.

"ನಮ್ಮಪ್ಪನ ಶ್ರಾದ್ಧದಾಗ ಕಾದಂಬರಿ ಹಚ್ಚಿದ್ರೇನ್ರಿ? ಎರಡು ವರ್ಷದಿಂದ ನಮಗ ಪುರಾಣ ಅಂತ ಹೇಳಿದ್ರಲ್ಲ!"

ಸುಳ್ಳು ಕಲಿಸಿದವಳು ನಾನು ಎಂದೆ. ಅವರು ನನ್ನತ್ತ ತಿರುಗಿಯೂ ನೋಡಲಿಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕು. ಪಕ್ಷಮಾಸದ ಉಳಿದ ಮನೆಗಳು ಒಂದೊಂದಾಗಿ ಬೇಡ ಎಂದವು. ಮೂರು ತಿಂಗಳು ಫೋನು ಬರಲಿಲ್ಲ. ನನ್ನ ಸಂಬಳದಲ್ಲಿ ಮನೆ ನಡೆಯುತ್ತಿತ್ತು, ಊಟಕ್ಕೇನೂ ಕೊರತೆಯಿರಲಿಲ್ಲ. ಆದರೆ ಅವ್ವ ಅವ್ವನಾಗಿ ಉಳಿದಿರಲಿಲ್ಲ. ದಿನವಿಡೀ ಪುರುಸೊತ್ತು, ಮಡಿಯ ಅಡ್ಡಿಯೂ ಇಲ್ಲ, ಕಪಾಟಿನ ತುಂಬ ಪುಸ್ತಕ. ಒಂದನ್ನೂ ಮುಟ್ಟಲಿಲ್ಲ. ಓದು ಎಂದು ಬೈದೆ, ಬೇಡಿಕೊಂಡೆ. ಒಂದು ದಿನ ನಾನೇ ಫೋನು ಒತ್ತಿ ಪಕ್ಕದಲ್ಲಿಟ್ಟೆ. ಎದ್ದು ಹಿತ್ತಿಲಿಗೆ ಹೋದಳು.

ನೌಶೀನ್ ಮನೆಗೇ ಬಂದಳು. "ಏನ್ರಿ ಅಮ್ಮಾ, ಅಂಗಡಿ ಕಡಿ ಬರೂದೇ ಬಿಟ್ರಿ. ಮಗಳನ್ನ ಹುಡುಕಾಕತ್ತಿದ್ಲಲ್ಲ ಆ ತಾಯಿ, ಸಿಕ್ಳೇನು ಮಗಳು?"

"ನಂಗ ಗೊತ್ತಿಲ್ಲವಾ," ಎಂದಳು ಅವ್ವ. ನೌಶೀನ್ ನನ್ನ ಮುಖ ನೋಡಿದಳು. ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋಗಿ ಅತ್ತೆ.

ಪುಷ್ಯದಲ್ಲಿ ಸಂಕರ್ಷಣಾಚಾರ್ಯರು ಸ್ವತಃ ಫೋನು ಮಾಡಿದರು. ತೀರಿಹೋದ ಅವರ ಹೆಂಡತಿಯ ಶ್ರಾದ್ಧ. ಫೋನಿನ ದನಿ ನನಗೂ ಕೇಳಿಸುತ್ತಿತ್ತು.

"ಅಹಲ್ಯಾಬಾಯಿ, ಅಡಿಗಿಗೆ ನೀವೇ ಬರಬೇಕು. ಬ್ಯಾರೆ ಯಾರನ್ನೂ ಕರಿಯೂದಿಲ್ಲ."

"ನನ್ನ ಕೈಲೆ ಬ್ಯಾಡ್ರಿ ಆಚಾರ್ಯರ. ನಿಮ್ಮ ಜೀವಾ ತಗೋತಿದ್ದೆ ನಾನು."

"ಮೊದಲ ತುತ್ತಿಗೇ ನಂಗ ಗೊತ್ತಾಗಿತ್ತು. ಎಲಿ ಮ್ಯಾಲ ಕೈ ಅಡ್ಡ ಹಿಡದು ಸಾಕು ಅನ್ನಬಹುದಿತ್ತು, ಅದಕ್ಕೇನು ಶಾಸ್ತ್ರ ಅಡ್ಡ ಬರ್ತಿರಲಿಲ್ಲ. ಹಠಕ್ಕ ಬಿದ್ದು ಉಂಡೆ. ಅರ್ಧ ತಪ್ಪು ನಂದು. ಬರ್ರಿ."

ಆಚಾರ್ಯರೇ ಕರೆದರೆಂದರೆ ಮುಗಿಯಿತು, ಇನ್ನು ಮೂರೂರಿನವರೂ ಕರೆಯುತ್ತಾರೆ. ನಾನು ಕುಣಿಯುವುದೊಂದು ಬಾಕಿ. ಅವ್ವ ಹೊರಟ ದಿನ ಫೋನನ್ನು ಮನೆಯಲ್ಲೇ ಬಿಟ್ಟಳು. ಯಾರೂ ಬಿಡು ಎಂದಿರಲಿಲ್ಲ.

ಜೊತೆಗೆ ನಾನೂ ಹೋದೆ. ಆಚಾರ್ಯರ ಮನೆಯ ಪಡಸಾಲೆಯಲ್ಲಿ ಕೂತರೆ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಕಿಟಕಿ ಖಾಲಿ. ಒಳಗೆ ರುಬ್ಬುವ ಸದ್ದು, ಪಾತ್ರೆಯ ಸದ್ದು. ಉಪ್ಪು ಹಾಕಿದ ಕೂಡಲೇ ಅವ್ವ ಮರಿಗೆಯನ್ನು ಎತ್ತಿ ಮೇಲಿನ ಗೂಡಿನಲ್ಲಿಟ್ಟಳು. ಮಧ್ಯಾಹ್ನ ಎಲೆಗಳೆಲ್ಲ ಸುಸೂತ್ರವಾಗಿ ಎದ್ದವು. ಬೀಳ್ಕೊಡುವಾಗ ಆಚಾರ್ಯರು ಅಂಗಳದ ತನಕ ಬಂದು ಕೈಮುಗಿದರು.

ರಾಯಚೂರಿನ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತಳು. ನಾನು ಕಿವಿಗೆ ಏನೂ ಸಿಕ್ಕಿಸಿಕೊಳ್ಳಲಿಲ್ಲ, ಧೈರ್ಯವಾಗಲಿಲ್ಲ. "ಹೆಂಗಾತವ್ವಾ?" ಎಂದೆ.

"ಎಲ್ಲಾ ಸರಿ ಆತು. ಉಪ್ಪೂ ಸರಿ ಇತ್ತು."

ಬಸ್ಸು ಊರು ದಾಟಿತು. ಆಕೆ ತನ್ನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು.

"ಮೂವತ್ತು ವರ್ಷ ಹಿಂಗ ಸುಮ್ಮನ ಅಡಿಗಿ ಮಾಡೀನಿ," ಎಂದಳು. "ಇಷ್ಟು ಹೊತ್ತು ಹಿಡೀತದ ಅಂತ ಆವಾಗ ನಂಗ ಗೊತ್ತೇ ಇರಲಿಲ್ಲ."